‘ರಾಶಿ’ ಅಂದರೆ ಗುಡ್ಡೆ ಎಂದುಕೊಂಡ ಏಜೆಂಟ್

ಪ್ರಶ್ನೆ: ನಾನು ಶಿರಸಿ ಕಡೆಯವನು. ಅಡಿಕೆ ವ್ಯವಹಾರದ ಒಂದು ಸಂಸ್ಥೆಗೆ ವಾಟ್ಸಾಪ್‌ನಲ್ಲಿ ರೈತರ ಪ್ರಶ್ನೆಗೆ ಉತ್ತರ ಕೊಡುವ ಎಐ ಏಜೆಂಟ್ ಮಾಡಿಕೊಟ್ಟಿದ್ದೇನೆ. ದಿನದ ರೇಟು, ಹಳೆಯ ರೇಟು, ದಾಸ್ತಾನು, ಪಾವತಿ ಹೀಗೆ ಅದಕ್ಕೆ 17 ಟೂಲ್‌ಗಳಿವೆ, ಅಂದರೆ ಏಜೆಂಟ್ ಬೇಕಾದಾಗ ಬಳಸುವ, ಒಂದೊಂದು ಕೆಲಸದ ಪ್ರೋಗ್ರಾಂಗಳು. ದಾಸ್ತಾನಿನ ಭಾಗವನ್ನು ಮಂಡ್ಯದ ಗೆಳೆಯನೊಬ್ಬ ಬರೆದುಕೊಟ್ಟ. ಡೆಮೊದಲ್ಲಿ ಎಲ್ಲ ಚೆನ್ನಾಗಿತ್ತು. ಈಗ ‘ರಾಶಿ ಎಷ್ಟಾಯ್ತು ಇವತ್ತು’ ಎಂದು ಕೇಳಿದರೆ ಒಮ್ಮೆ ರೇಟು ಹೇಳುತ್ತದೆ, ಇನ್ನೊಮ್ಮೆ ಆ ರೈತರ ಹೆಸರಲ್ಲಿ ವಖಾರಿಯಲ್ಲಿ ಎಷ್ಟು ಚೀಲ ಇದೆ ಎಂದು ಹೇಳುತ್ತದೆ. ಭಾನುವಾರ ಕೇಳಿದರೆ ಇಲ್ಲದ ರೇಟನ್ನು ತಾನೇ ಕಟ್ಟಿ ಹೇಳಿದ್ದೂ ಇದೆ. ಹೋದ ವಾರವಂತೂ ಒಬ್ಬರು ‘ಈಗ ಕೊಟ್ಟರೆ ಎಷ್ಟು ಸಿಗಬಹುದು’ ಎಂದಿದ್ದಕ್ಕೆ ಅವರ ಲಾಟನ್ನು ಮಾರಾಟದ ಪಟ್ಟಿಗೇ ಹಾಕಿಬಿಟ್ಟಿತು. ಪುಣ್ಯಕ್ಕೆ ಗುಮಾಸ್ತರು ನೋಡಿ ತಡೆದರು. ಏಜೆಂಟಿನ ಹಿಂದಿರುವ ಎಐ ಮಾಡೆಲ್ ಬದಲಿಸಿ ದೊಡ್ಡ ಮಾಡೆಲ್‌ಗೆ ಹೋಗು ಎನ್ನುತ್ತಾನೆ ಗೆಳೆಯ. ಟೂಲ್ ವಿವರಣೆ ಒಂದೇ ಸಾಲಿನಲ್ಲಿರಬೇಕು, ಉದ್ದವಾದರೆ ಮಾಡೆಲ್‌ಗೆ ಗೊಂದಲ ಎಂದು ಕೇಳಿದ್ದೆ, ಹಾಗೇ ಬರೆದಿದ್ದೇನೆ. ಕನ್ನಡದಲ್ಲೇ ಬರೆದರೆ ಸರಿಹೋಗುತ್ತದೆಯೇ? ತಪ್ಪು ಎಲ್ಲಿದೆ ಸರ್?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಲಾಟನ್ನು ಮಾರಾಟದ ಪಟ್ಟಿಗೆ ಹಾಕುವ ಆ ಟೂಲನ್ನು ಇವತ್ತೇ ಏಜೆಂಟಿನ ಕೈಯಿಂದ ತೆಗೆಯಿರಿ. ಒಂದೆರಡು ವಾರ ಆ ಕೆಲಸ ಗುಮಾಸ್ತರೇ ಮಾಡಲಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ. ಕೋಡ್ ಸರಿಯಿದೆ, ಡೇಟಾಬೇಸ್ ಸರಿಯಿದೆ, ಟೂಲನ್ನು ಕೈಯಾರೆ ಓಡಿಸಿದರೆ ಸರಿಯಾದ ಉತ್ತರವೇ ಬರುತ್ತದೆ. ಆದರೂ ಏಜೆಂಟ್ ತಪ್ಪು ಬಾಗಿಲು ತಟ್ಟುತ್ತಿದೆ. ಹಾಗಾದರೆ ಮಾಡೆಲ್ ಪೆದ್ದೋ, ನಾನು ಬರೆದದ್ದು ಸರಿಯಿಲ್ಲವೋ? ನೀವು ಪ್ರಶ್ನೆಯ ಜೊತೆ ಕಳಿಸಿದ ಮೂರು ವಿವರಣೆಗಳನ್ನು ನೋಡಿದೆ. ಕೋಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿವೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಗೆಟ್_ರೇಟ್: ರೇಟ್ ತರುತ್ತದೆ.
ಗೆಟ್_ರಾಶಿ: ರಾಶಿಯ ಮಾಹಿತಿ.
ಸೆಲ್_ಲಾಟ್: ಲಾಟ್ ಮಾರಾಟ.

ಎರಡನೆಯದನ್ನು ನೋಡಿ ನಗು ಬಂತು. ಅದು ದಾಸ್ತಾನಿನ ಟೂಲ್, ಅಲ್ವಾ? ಮಂಡ್ಯದವರಿಗೆ ರಾಶಿ ಅಂದರೆ ಕಣದಲ್ಲಿ ಒಕ್ಕಿ ಗುಡ್ಡೆ ಹಾಕಿದ ರಾಗಿ, ಭತ್ತ. ಶಿರಸಿಯವರಿಗೆ ಅದು ಚಾಲಿ, ಬೆಟ್ಟೆ, ಕೆಂಪುಗೋಟಿನ ಹಾಗೆ ಅಡಿಕೆಯ ಒಂದು ಬಗೆ. ನಿಮ್ಮ ಗೆಳೆಯ ತಮ್ಮ ಊರಿನ ಅರ್ಥದಲ್ಲಿ ಹೆಸರಿಟ್ಟಿದ್ದಾರೆ, ರೈತರು ತಮ್ಮ ಊರಿನ ಅರ್ಥದಲ್ಲಿ ಕೇಳುತ್ತಿದ್ದಾರೆ. ‘ರಾಶಿ ಎಷ್ಟಾಯ್ತು’ ಎಂದು ಕೇಳಿದಾಗ ‘ಗೆಟ್_ರಾಶಿ’ ಎಂಬ ಟೂಲ್ ಕಣ್ಣೆದುರೇ ಇದ್ದರೆ ಮಾಡೆಲ್ ಅದನ್ನು ಹಿಡಿಯದೆ ಇನ್ನೇನು ಮಾಡೀತು? ನಾನಾಗಿದ್ದರೂ ಅದನ್ನೇ ಹಿಡಿಯುತ್ತಿದ್ದೆ.

ಇಲ್ಲಿ ಒಳಗೆ ನಡೆಯುವುದು ಏನೆಂದು ತಿಳಿದರೆ ಅರ್ಧ ಸಮಸ್ಯೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮಾಡೆಲ್ ನಿಮ್ಮ ಕೋಡನ್ನು ಓದುವುದಿಲ್ಲ. ಡೇಟಾಬೇಸ್ ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲಿನ ಹೆಸರು, ವಿವರಣೆ, ಮತ್ತು ಯಾವ ಯಾವ ಮಾಹಿತಿ ತುಂಬಬೇಕು ಎನ್ನುವ ಪಟ್ಟಿ, ಇಷ್ಟೇ. ರೈತರ ಮೆಸೇಜಿನ ಜೊತೆ ಈ 17 ಟೂಲ್‌ಗಳ ಪಟ್ಟಿಯೂ ಪ್ರತಿ ಸಲ ಅದರ ಮುಂದೆ ಹೋಗುತ್ತದೆ. ಅದನ್ನು ಓದಿ ‘ಈ ಟೂಲ್, ಈ ಈ ಮಾಹಿತಿ’ ಎಂದು ಒಂದು ಚೀಟಿ ಬರೆದುಕೊಡುತ್ತದೆ. ಓಡಿಸುವುದು ನಿಮ್ಮ ಪ್ರೋಗ್ರಾಂ. ಓಪನ್‌ಎಐ 2023ರ ಜೂನ್‌ನಲ್ಲಿ ಫಂಕ್ಷನ್ ಕಾಲಿಂಗ್ (ಮಾಡೆಲ್ ಹೀಗೆ ಟೂಲ್ ಕೇಳುವ ಸೌಲಭ್ಯ) ತಂದಾಗಲೂ ವಿಷಯ ಇದೇ ಆಗಿತ್ತು. ಇನ್ನೊಂದು ಎಐ ಕಂಪನಿ ಆಂಥ್ರಾಪಿಕ್ 2024ರ ನವೆಂಬರ್‌ನಲ್ಲಿ ಎಂಸಿಪಿ (ಟೂಲ್‌ಗಳನ್ನು ಎಐಗೆ ಜೋಡಿಸುವ ಒಂದು ಸಾಮಾನ್ಯ ವಿಧಾನ) ಪ್ರಕಟಿಸಿದ ಮೇಲೂ ಇದೇ. ಪ್ಯಾಕಿಂಗ್ ಬದಲಾಯಿತು, ಒಳಗಿನ ಚೀಟಿ ಅದೇ.

ನಮ್ಮ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ ಇದೆ, ಬಿಸ್ಕತ್ತಿನ ಡಬ್ಬಿಯಲ್ಲಿ ಹುರಿಗಡಲೆ. ಅಮ್ಮನಿಗೆ ಗೊತ್ತು, ಹಾಗಾಗಿ ಚೀಟಿ ಅಂಟಿಸುವ ಗೊಡವೆಗೇ ಹೋಗಿಲ್ಲ. ಅವರು ಊರಿಗೆ ಹೋದಾಗ ನಾನು ಅಡುಗೆಮನೆಗೆ ಹೊಕ್ಕರೆ ನನ್ನ ಪಾಡು ನಿಮ್ಮ ಏಜೆಂಟಿನ ಪಾಡೇ. ಟೂಲ್ ಬರೆದವರಿಗೆ ತಮ್ಮ ಟೂಲ್ ಜಾಸ್ತಿ ಗೊತ್ತಿರುವುದೇ ತೊಂದರೆ. ‘ರೇಟ್ ತರುತ್ತದೆ’ ಎಂದು ಬರೆಯುವಾಗ ಯಾವ ಮಾರುಕಟ್ಟೆ, ಯಾವ ದಿನ, ಕೆಜಿಗೋ ಕ್ವಿಂಟಾಲಿಗೋ ಎಲ್ಲವೂ ನಿಮ್ಮ ತಲೆಯಲ್ಲಿತ್ತು. ಕಾಗದಕ್ಕೆ ಇಳಿಯಲಿಲ್ಲ.

ಈಗ ನೀವು ಕೇಳಿದ ಮೂರು ಮಾತುಗಳಿಗೆ ಬರುತ್ತೇನೆ.

ವಿವರಣೆ ಒಂದೇ ಸಾಲಿನಲ್ಲಿರಬೇಕು ಎನ್ನುವುದು ಸುಳ್ಳು. ಆಂಥ್ರಾಪಿಕ್‌ನ ಕೈಪಿಡಿ ಒಂದು ಟೂಲಿಗೆ ಕನಿಷ್ಠ 3-4 ವಾಕ್ಯ ಬರೆಯಿರಿ, ಟೂಲ್ ಸಂಕೀರ್ಣವಾಗಿದ್ದರೆ ಇನ್ನೂ ಜಾಸ್ತಿ ಬರೆಯಿರಿ ಎನ್ನುತ್ತದೆ. ಗೊಂದಲ ಹುಟ್ಟುವುದು ಉದ್ದದಿಂದಲ್ಲ, ಸುಮ್ನೆ ತುಂಬಿಸಿದ ಮಾತಿನಿಂದ. ‘ಇದು ನಮ್ಮ ಅತ್ಯಾಧುನಿಕ ದರ ಸೇವೆ’ ಎಂಬ ಸಾಲು ಕರಪತ್ರಕ್ಕೆ ಸರಿ, ಮಾಡೆಲ್‌ಗೆ ಅದರಿಂದ ಕವಡೆ ಪ್ರಯೋಜನವಿಲ್ಲ. ಆದರೆ ಚಿಕ್ಕದಾಗಿರಲಿ ಎನ್ನುವ ಮಾತಿನಲ್ಲಿ ಒಂದಿಷ್ಟು ನಿಜವೂ ಇದೆ. ಪ್ರತಿ ಮೆಸೇಜಿಗೂ ಈ ಬರಹವೆಲ್ಲ ಟೋಕನ್ (ಮಾಡೆಲ್ ಓದುವ, ದುಡ್ಡು ಲೆಕ್ಕ ಹಾಕುವ ಪದದ ತುಣುಕು) ಆಗಿ ಲೆಕ್ಕಕ್ಕೆ ಬರುತ್ತದೆ. ಕ್ಯಾಶಿಂಗ್ (ಒಮ್ಮೆ ಓದಿದ್ದನ್ನು ಉಳಿಸಿಟ್ಟು ಮತ್ತೆ ಬಳಸುವುದು) ಬಳಸಿದರೆ ಖರ್ಚು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ದೊಡ್ಡ ಮಾಡೆಲ್‌ಗೆ ಹೋದರೆ ಸ್ವಲ್ಪ ಸುಧಾರಿಸಬಹುದು. ಊಹೆ ಮಾಡುವುದರಲ್ಲಿ ಅವು ಜಾಣವಾಗಿರುತ್ತವೆ. ಆದರೆ ನಿಮಗೆ ಬೇಕಿರುವುದು ಚೆನ್ನಾಗಿ ಊಹಿಸುವವರಲ್ಲ, ಊಹಿಸುವ ಪ್ರಮೇಯವೇ ಇಲ್ಲದ ವ್ಯವಸ್ಥೆ. ದುಡ್ಡು ಕೊಟ್ಟು ತಪ್ಪನ್ನು ಅಪರೂಪ ಮಾಡಿಕೊಂಡರೆ ಅದನ್ನು ಹುಡುಕುವುದು ಇನ್ನೂ ಕಷ್ಟ. ವಿವರಣೆ ತಿದ್ದಿ, ಅಳೆದು ನೋಡಿ, ಆಮೇಲೂ ಸಾಲದಿದ್ದರೆ ಮಾಡೆಲ್ ಬದಲಿಸಿ.

ಕನ್ನಡದಲ್ಲಿ ಬರೆಯಬೇಕೇ? ಈಗಿನ ದೊಡ್ಡ ಮಾಡೆಲ್‌ಗಳು ಕನ್ನಡ ಓದುತ್ತವೆ. ಆದರೆ ಅದೇ ಮಾತು ಕನ್ನಡದಲ್ಲಿ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ತಿನ್ನುತ್ತದೆ. ನಾನು ಮಾಡುವುದು ಹೀಗೆ: ವಾಕ್ಯ ಇಂಗ್ಲಿಷಿನಲ್ಲಿ, ವ್ಯಾಪಾರದ ಪದಗಳು ಮಾತ್ರ ಜನ ಬರೆಯುವ ಹಾಗೆ. ‘ಧಾರಣೆ’, ‘ರೇಟು’, ‘ಚಾಲಿ’ ಇವನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಕೊಡುತ್ತೇನೆ. ವಾಟ್ಸಾಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ಎಷ್ಟು ಜನ ಎಂದು ನಿಮಗೇ ಗೊತ್ತು. ರಾಶಿಯನ್ನು ಇಂಗ್ಲಿಷಿಗೆ ಅನುವಾದ ಮಾಡಲು ಮಾತ್ರ ಹೋಗಬೇಡಿ. ಮಾಡಿದರೆ ಮತ್ತೆ ಗುಡ್ಡೆಯೇ.

ನಿಮ್ಮ ಮೊದಲ ಟೂಲನ್ನು ನಾನಾದರೆ ಹೀಗೆ ಬರೆಯುತ್ತೇನೆ. ಹೆಸರು ‘ಅಡಿಕೆ_ದಿನದ_ದರ’. ವಿವರಣೆ:

“ಶಿರಸಿ ಮಾರುಕಟ್ಟೆಯಲ್ಲಿ ಒಂದು ದಿನ ಒಂದು ಬಗೆಯ ಅಡಿಕೆ ಮಾರಾಟವಾದ ಕನಿಷ್ಠ, ಗರಿಷ್ಠ ಮತ್ತು ಸರಾಸರಿ ದರ ಕೊಡುತ್ತದೆ. ದರ ಯಾವಾಗಲೂ ಕ್ವಿಂಟಾಲಿಗೆ, ರೂಪಾಯಿಯಲ್ಲಿ. ರೈತರು ರೇಟು, ಧಾರಣೆ, ‘ಇವತ್ತು ಎಷ್ಟಾಯ್ತು’ ಎಂದು ಕೇಳಿದಾಗ ಬಳಸು. ರಾಶಿ ಎನ್ನುವುದು ಇಲ್ಲಿ ಅಡಿಕೆಯ ಬಗೆ, ದಾಸ್ತಾನಲ್ಲ. ವಾರದ ಅಥವಾ ತಿಂಗಳ ಏರಿಳಿತ ಕೇಳಿದರೆ ಇದು ಬೇಡ, ‘ಅಡಿಕೆ_ದರ_ಇತಿಹಾಸ’ ಬಳಸು. ರೈತರ ಸ್ವಂತ ಚೀಲಗಳ ಲೆಕ್ಕ ಇದರಲ್ಲಿ ಸಿಗುವುದಿಲ್ಲ. ಆ ದಿನ ವ್ಯಾಪಾರ ಇಲ್ಲದಿದ್ದರೆ ಹಿಂದಿನ ವ್ಯಾಪಾರದ ದಿನದ ದರವನ್ನು ಅದರ ತಾರೀಖಿನ ಜೊತೆ ಕೊಡುತ್ತದೆ.”

ಗಮನಿಸಿ, ಇದರಲ್ಲಿ ಅರ್ಧ ಮಾತು ಟೂಲ್ ಏನು ಮಾಡುವುದಿಲ್ಲ ಎನ್ನುವುದರ ಬಗ್ಗೆ. ಒಂದೇ ಟೂಲ್ ಇದ್ದರೆ ಅದು ಬೇಕಾಗಿರಲಿಲ್ಲ. ಅಕ್ಕಪಕ್ಕ ಒಂದೇ ಥರದ ಎರಡು ಟೂಲ್ ಬಂದ ತಕ್ಷಣ ಅವುಗಳ ನಡುವಿನ ಬೇಲಿಯನ್ನು ಬರೆಯಲೇಬೇಕು. ಬೇಲಿ ಎರಡೂ ಕಡೆಯಿಂದ ಇರಲಿ. ದಿನದ ದರದಲ್ಲಿ ‘ಇತಿಹಾಸಕ್ಕೆ ಅಲ್ಲಿಗೆ ಹೋಗು’ ಎಂದು ಬರೆದಿರಿ, ಇತಿಹಾಸದಲ್ಲಿ ‘ಇವತ್ತಿನದಕ್ಕೆ ಅಲ್ಲಿಗೆ ಹೋಗು’ ಎಂದು ಬರೆಯದೆ ಬಿಟ್ಟಿರಿ ಅಂದರೆ ಅದು ಅರ್ಧ ಬೇಲಿ. ದನ ನುಗ್ಗಲು ಅಷ್ಟು ಸಾಕು.

ಕ್ವಿಂಟಾಲಿನ ಮಾತು ಯಾಕೆ? ಮಲೆನಾಡಿನ ಮಂಡಿಗಳಲ್ಲಿ ಅಡಿಕೆಗೆ ಕ್ವಿಂಟಾಲಿನ ಲೆಕ್ಕ, ಮಂಗಳೂರು ಕಡೆ ಕೆಜಿ ಲೆಕ್ಕ. ಟೂಲ್ ಬರೀ 50000 ಎಂದು ಕೊಟ್ಟರೆ, ಕರಾವಳಿಯ ರೈತರೊಬ್ಬರು ‘ಕೆಜಿಗೆ ಎಷ್ಟು’ ಎಂದು ಕೇಳಿದಾಗ ಮಾಡೆಲ್ 500 ಎನ್ನಬೇಕೋ 50000 ಎನ್ನಬೇಕೋ ಗೊತ್ತಾಗದೆ ಒಂದು ಕಡೆ ಬೀಳುತ್ತದೆ. ಉತ್ತರದಲ್ಲೂ ಅಂಕಿಯ ಜೊತೆ ‘ಕ್ವಿಂಟಾಲಿಗೆ ರೂ.’ ಎಂದು ಅಂಟಿಸಿಯೇ ಕಳಿಸಿ.

ಇನ್ನು ತುಂಬಬೇಕಾದ ಮಾಹಿತಿಯ ಪಟ್ಟಿ. ಜನ ವಿವರಣೆ ತಿದ್ದಿ ಇದನ್ನು ಮರೆಯುತ್ತಾರೆ. ನಿಮ್ಮದರಲ್ಲಿ ‘ಟೈಪ್’ ಎಂದಿದೆ, ಅದಕ್ಕೆ ತುಂಬಲು 1, 2, 3 ಎಂದು ಅಂಕಿಗಳಿವೆ. 2 ಅಂದರೆ ಚಾಲಿ ಎಂದು ಮಾಡೆಲ್‌ಗೆ ಯಾರು ಹೇಳಿದರು? ಅದನ್ನು ‘ಅಡಿಕೆ_ಬಗೆ’ ಎಂದು ಮಾಡಿ, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಪದಗಳನ್ನೇ ಪಟ್ಟಿ ಮಾಡಿ, ಪಟ್ಟಿಯ ಹೊರಗಿನದನ್ನು ಪ್ರೋಗ್ರಾಂ ಒಪ್ಪದ ಹಾಗೆ ಬಿಗಿ ಮಾಡಿ. ‘ಡೇಟ್’ ಎಂದಷ್ಟೇ ಬರೆದರೆ 05/04 ಎನ್ನುವುದು ಏಪ್ರಿಲ್ 5 ಆಗಬಹುದು, ಮೇ 4 ಕೂಡ ಆಗಬಹುದು. ವರ್ಷ-ತಿಂಗಳು-ದಿನ, ಉದಾಹರಣೆಗೆ 2025-04-05, ಎಂದು ಒಂದು ಮಾದರಿ ಕೊಡಿ. ‘ಇವತ್ತು’ ಯಾವ ತಾರೀಖು ಎಂದು ಮಾಡೆಲ್‌ಗೆ ತಾನಾಗಿ ಗೊತ್ತಿರುವುದಿಲ್ಲ, ನೀವು ಹೇಳಿದರೆ ಮಾತ್ರ ಗೊತ್ತು. ತಾರೀಖು ಖಾಲಿ ಬಿಟ್ಟರೆ ಇವತ್ತಿನದು ಎಂದು ಟೂಲೇ ತೆಗೆದುಕೊಳ್ಳುವಂತೆ ಮಾಡುವುದು ಸುಲಭದ ದಾರಿ.

ಕೆಲವೊಮ್ಮೆ ವಿವರಣೆ ಬರೆಯುವುದಕ್ಕಿಂತ ಟೂಲನ್ನೇ ತಿದ್ದುವುದು ವಾಸಿ. ಕೋಡ್ ಬರೆಯುವ ಏಜೆಂಟ್ ಮಾಡುವಾಗ ಆದದ್ದನ್ನು ಆಂಥ್ರಾಪಿಕ್‌ನವರು 2024ರ ಡಿಸೆಂಬರ್‌ನಲ್ಲಿ ಬರೆದಿದ್ದರು. ಏಜೆಂಟ್ ಮೂಲ ಫೋಲ್ಡರಿನಿಂದ ಬೇರೆ ಫೋಲ್ಡರಿಗೆ ಹೋದ ಮೇಲೆ ಫೈಲಿನ ಅರ್ಧ ವಿಳಾಸ ಕೊಟ್ಟು ಎಡವುತ್ತಿತ್ತು. ಅವರು ಟೂಲಿಗೆ ಪೂರ್ತಿ ವಿಳಾಸವನ್ನೇ ಕೊಡಬೇಕು ಎಂದು ಬದಲಾಯಿಸಿದರು. ಆ ತಪ್ಪು ನಿಂತೇಹೋಯಿತು. ‘ಜೋಪಾನ, ಜಾರುತ್ತದೆ’ ಎಂದು ಬೋರ್ಡ್ ಹಾಕುವ ಬದಲು ಪಾಚಿಯನ್ನೇ ಉಜ್ಜಿ ತೆಗೆದ ಹಾಗೆ.

ನಿಮ್ಮ ಭಾನುವಾರದ ಕತೆ ಇದೇ ಜಾತಿಯದು. ರಜೆಯ ದಿನ ನಿಮ್ಮ ಟೂಲ್ ಏನು ವಾಪಸ್ ಕೊಡುತ್ತದೆ ಎಂದು ನೋಡಿ. ಬಹುಶಃ ಖಾಲಿ ಪಟ್ಟಿ ಇರಬೇಕು. ಖಾಲಿ ಪಟ್ಟಿ ಅಂದರೆ ವ್ಯಾಪಾರ ಇರಲಿಲ್ಲ ಎಂದೋ, ಸರ್ವರ್ ಬಿದ್ದಿದೆ ಎಂದೋ, ಅಡಿಕೆಯ ಹೆಸರು ತಪ್ಪಾಯಿತು ಎಂದೋ? ಏನೂ ತಿಳಿಯದಿದ್ದಾಗ ಮಾಡೆಲ್ ಮಾತಿನಿಂದ ಆ ತೂತು ಮುಚ್ಚುತ್ತದೆ. ಟೂಲಿನ ಉತ್ತರವೂ, ತಪ್ಪಾದಾಗ ಬರುವ ಮೆಸೇಜೂ ವಿವರಣೆಯ ಮುಂದುವರಿದ ಭಾಗವೇ. ‘ಎರರ್ 404’ ಎಂದು ಕೊಡಬೇಡಿ. ‘ಈ ದಿನ ಮಾರುಕಟ್ಟೆ ರಜೆ. ಕೊನೆಯ ವ್ಯಾಪಾರ ಶನಿವಾರ, ಆ ದರ ಕೆಳಗಿದೆ. ರೈತರಿಗೆ ಇದು ಶನಿವಾರದ ದರ ಎಂದು ಹೇಳು’ ಎಂದು ಕೊಡಿ. ನಾನು ನೋಡಿದ ಮಟ್ಟಿಗೆ ರೇಟು ಕಟ್ಟುವ ಚಾಳಿ ಇದರಿಂದಲೇ ಬಹುಪಾಲು ಬಿಡುತ್ತದೆ.

ಈಗ ಲಾಟ್ ಮಾರಾಟಕ್ಕೆ ಬರೋಣ. ಇದರಲ್ಲಿ ನನಗೂ ಪೆಟ್ಟು ಬಿದ್ದಿದೆ. ಲಾರಿ ಸಾಗಣೆಯ ಒಂದು ಕಂಪನಿಗೆ ಏಜೆಂಟ್ ಮಾಡಿದ್ದೆ. ‘ಟ್ರಿಪ್ ನಿಲ್ಲಿಸುತ್ತದೆ’ ಎಂದು ಒಂದು ಟೂಲಿಗೆ ಬರೆದಿದ್ದೆ. ನನ್ನ ಮನಸ್ಸಿನಲ್ಲಿ ಅದು ಟ್ರಿಪ್ ಮುಗಿಸಿ ಬಿಲ್ ಮಾಡುವ ಟೂಲ್. ಒಬ್ಬ ಡ್ರೈವರಣ್ಣ ‘ಗಾಡಿ ನಿಲ್ಸಿದೀನಿ, ಊಟ ಮಾಡಿ ಹೊರಡ್ತೀನಿ’ ಎಂದು ಮೆಸೇಜ್ ಹಾಕಿದ. ಅವನು ಅನ್ನ ಸಾರು ಉಣ್ಣುವಷ್ಟರಲ್ಲಿ ಗ್ರಾಹಕರಿಗೆ ಪೂರ್ತಿ ಬಿಲ್ ಹೋಗಿತ್ತು, ಸರಕು ಇನ್ನೂ ಢಾಬಾ ಮುಂದೆ ನಿಂತಿತ್ತು. ವಿವರಣೆ ತಿದ್ದಿದೆ, ಅದು ಸರಿ. ಆದರೆ ಆವತ್ತು ನನಗೆ ಹೊಳೆದದ್ದು ಬೇರೆ: ವಿವರಣೆ ಬೀಗ ಅಲ್ಲ. ‘ದಯವಿಟ್ಟು ಒಳಗೆ ಬರಬೇಡಿ’ ಎಂಬ ಚೀಟಿ ಅಷ್ಟೇ. ಮಾಡೆಲ್ ಹೆಚ್ಚಿನ ಸಲ ಪಾಲಿಸುತ್ತದೆ, ಪ್ರತಿ ಸಲ ಅಲ್ಲ.

ಹಾಗಾಗಿ ಸೆಲ್_ಲಾಟನ್ನು ಎರಡಾಗಿ ಒಡೆಯಿರಿ. ಒಂದು ‘ಲಾಟ್_ಅಂದಾಜು_ಮೊತ್ತ’: ಇವತ್ತಿನ ದರಕ್ಕೆ ಎಷ್ಟು ಬರಬಹುದು ಎಂದು ಲೆಕ್ಕ ಹಾಕುತ್ತದೆ, ಏನನ್ನೂ ಬದಲಿಸುವುದಿಲ್ಲ. ‘ಈಗ ಕೊಟ್ಟರೆ ಎಷ್ಟು ಸಿಗಬಹುದು’ ಎಂದು ಕೇಳಿದ ಆ ಪುಣ್ಯಾತ್ಮರಿಗೆ ಬೇಕಿದ್ದದ್ದು ಇದೇ. ಅಂಥ ಟೂಲ್ ಇರಲಿಲ್ಲ, ಹತ್ತಿರದ್ದನ್ನು ಏಜೆಂಟ್ ಎತ್ತಿಕೊಂಡಿತು. ಇನ್ನೊಂದು ‘ಲಾಟ್_ಮಾರಾಟ_ಕೋರಿಕೆ’: ಇದು ಪಟ್ಟಿಗೆ ಹಾಕುವುದಿಲ್ಲ, ಕೋರಿಕೆ ಮಾತ್ರ ಬರೆದಿಡುತ್ತದೆ. ರೈತರ ಮೊಬೈಲಿಗೆ ಲಾಟ್ ನಂಬರ್, ಚೀಲ, ಬಗೆ ಎಲ್ಲ ತೋರಿಸಿ ‘ಒಪ್ಪಿಗೆ’ ಬಟನ್ ಹೋಗುತ್ತದೆ. ಒತ್ತಿದ ಮೇಲೆ ನಿಮ್ಮ ಪ್ರೋಗ್ರಾಂ ಪಟ್ಟಿಗೆ ಹಾಕಲಿ, ಮಾಡೆಲ್ ಅಲ್ಲ. ರೈತರಿಗೆ ಒಂದು ಹೆಜ್ಜೆ ಜಾಸ್ತಿ ಆಗುತ್ತದೆ, ಕೆಲವರು ಬಟನ್ ಒತ್ತದೆ ‘ಹೇಳಿದ್ದೆನಲ್ಲ’ ಎಂದು ಸಿಟ್ಟಾಗುತ್ತಾರೆ. ಆ ಸಿಟ್ಟನ್ನು ಸಹಿಸಿಕೊಳ್ಳಿ. ಎಂಸಿಪಿಯಲ್ಲಿ ‘ಈ ಟೂಲ್ ಬರೀ ಓದುತ್ತದೆ’, ‘ಇದು ಅಳಿಸಬಹುದು’ ಎಂದು ಗುರುತು ಹಾಕುವ ಸೌಲಭ್ಯ ಇದೆ, ಹಾಕಿ. ಅದೂ ಸೂಚನೆಯೇ ಹೊರತು ಕಾವಲಲ್ಲ.

17 ಟೂಲ್ ಜಾಸ್ತಿಯಾಯಿತೇ? ಒಂದು ಸಲಕ್ಕೆ 20ರ ಒಳಗೆ ಇಟ್ಟುಕೊಳ್ಳಿ ಎಂದು ಓಪನ್‌ಎಐ ಸಲಹೆ ಕೊಡುತ್ತದೆ, ಅದೂ ಕಟ್ಟುನಿಟ್ಟಲ್ಲ. ನನ್ನ ಚಿಂತೆ ಸಂಖ್ಯೆಯದ್ದಲ್ಲ, ಒಂದರ ಮೇಲೊಂದು ಬೀಳುವುದರದ್ದು. ಹಳೆಯ ರೇಟಿಗೆ ನಿಮ್ಮಲ್ಲಿ ವಾರಕ್ಕೊಂದು, ತಿಂಗಳಿಗೊಂದು, ವರ್ಷಕ್ಕೊಂದು ಎಂದು ಮೂರು ಟೂಲ್ ಇವೆ. ಎರಡು ತಾರೀಖು ತೆಗೆದುಕೊಳ್ಳುವ ಒಂದೇ ಟೂಲ್ ಸಾಕು. ಹಾಗೆಂದು ಎಲ್ಲವನ್ನೂ ಗಂಟು ಕಟ್ಟಿ ‘ಏನು ಮಾಡಬೇಕು’ ಎಂಬ ಕಾಲಂ ಇರುವ ಒಂದು ಮಹಾ ಟೂಲ್ ಮಾಡಲು ಹೋಗಬೇಡಿ. ಗೊಂದಲ ಟೂಲ್ ಆರಿಸುವ ಕಡೆಯಿಂದ ಕಾಲಂ ತುಂಬುವ ಕಡೆಗೆ ಜಾಗ ಬದಲಿಸುತ್ತದೆ, ಅಷ್ಟೇ. ಪ್ರಶ್ನೆ ನೋಡಿ ಬೇಕಾದ ಕೆಲವೇ ಟೂಲ್ ಮುಂದಿಡುವ ದಾರಿಯೂ ಇದೆ. ನೂರಾರು ಟೂಲ್ ಇರುವವರಿಗೆ ಅದು ಬೇಕು. ನಿಮ್ಮ ಮಟ್ಟದಲ್ಲಿ ಬೇಕಾದ ಟೂಲೇ ಮುಂದೆ ಬರದೆ ಹೋಗುವ ಅಪಾಯ ಅದರ ಲಾಭಕ್ಕಿಂತ ದೊಡ್ಡದು.

ತಿದ್ದಿದ್ದು ಸರಿಹೋಯಿತೇ ಎಂದು ತಿಳಿಯುವುದು ಹೇಗೆ? ನಾಲ್ಕು ಸಲ ಟೈಪ್ ಮಾಡಿ ನೋಡಿ ‘ಆಯ್ತು’ ಎಂದರೆ ಮತ್ತೆ ಡೆಮೊದ ಕತೆಯೇ. ವಾಟ್ಸಾಪ್ ಲಾಗಿನಿಂದ ನಿಜವಾದ 50 ಪ್ರಶ್ನೆ ಎತ್ತಿಕೊಳ್ಳಿ, ಹೆಸರು, ನಂಬರ್ ತೆಗೆದು. ಕಾಗುಣಿತ ತಪ್ಪಿದ್ದರೆ ತಿದ್ದಬೇಡಿ. ಪ್ರತಿಯೊಂದರ ಎದುರು ಯಾವ ಟೂಲ್ ಕರೆಯಬೇಕು, ಏನು ತುಂಬಬೇಕು ಎಂದು ಕೈಯಲ್ಲಿ ಬರೆಯಿರಿ. ಯಾವ ಟೂಲೂ ಬೇಡದ ‘ನಮಸ್ಕಾರ’, ‘ಮಳೆ ಹೇಗಿದೆ’ ಥರದವೂ ಒಂದಿಷ್ಟಿರಲಿ. ಒಂದೊಂದನ್ನೂ ನಾಲ್ಕೈದು ಸಲ ಓಡಿಸಿ, ಯಾಕೆಂದರೆ ಮಾಡೆಲ್ ಪ್ರತಿ ಸಲ ಒಂದೇ ಥರ ವರ್ತಿಸುವುದಿಲ್ಲ. ಒಂದು ವಿವರಣೆ ತಿದ್ದಿದಾಗ ಎಲ್ಲ 50ನ್ನೂ ಮತ್ತೆ ಓಡಿಸಿ. ದರದ ಟೂಲಿಗೆ ಹೊಸ ಸಾಲು ಸೇರಿಸಿದ್ದಕ್ಕೆ ಪಾವತಿಯ ಪ್ರಶ್ನೆ ಹಾಳಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ಎಚ್ಚರಿಕೆ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹವಾಮಾನಕ್ಕೋ ಅನುವಾದಕ್ಕೋ ಬೇರೆಯವರ ಎಂಸಿಪಿ ಸರ್ವರ್ ಜೋಡಿಸುವ ಯೋಚನೆ ಇದ್ದರೆ ಅವರ ಟೂಲ್ ವಿವರಣೆಗಳನ್ನು ಕೂತು ಓದಿ. ವಿವರಣೆಯೊಳಗೇ ಮಾಡೆಲ್‌ಗೆ ಗುಟ್ಟಿನ ಆದೇಶ ಅಡಗಿಸಿ ಮಾಹಿತಿ ಕದಿಯಬಹುದು ಎಂದು ಎಐ ಭದ್ರತೆಯ ಕಂಪನಿ ಇನ್‌ವೇರಿಯಂಟ್ ಲ್ಯಾಬ್ಸ್‌ನವರು 2025ರ ಏಪ್ರಿಲ್‌ನಲ್ಲಿ ತೋರಿಸಿದ್ದರು. ಮಾಡೆಲ್‌ಗೆ ನಿಮ್ಮ ಬರಹವೂ ಬರಹವೇ, ಅವರದ್ದೂ ಬರಹವೇ. ಇವತ್ತು ಓದಿದ್ದು ನಾಳೆ ಬದಲಾಗಬಹುದು, ಹಾಗಾಗಿ ಒಪ್ಪಿದ ಆವೃತ್ತಿಯನ್ನೇ ಹಿಡಿದಿಟ್ಟುಕೊಳ್ಳಿ.

ವಿವರಣೆಗಳನ್ನೆಲ್ಲ ಹೊಸದಾಗಿ ಬರೆದ ಮೇಲೆ ಪ್ರಿಂಟ್ ತೆಗೆದು, ಲಾಟ್ ತಡೆದ ಆ ಗುಮಾಸ್ತರ ಕೈಗೆ ಕೊಡಿ. ನಿಮ್ಮ 50 ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ‘ಇದಕ್ಕೆ ಯಾವುದು?’ ಎಂದು ಕೇಳಿ. ಅವರಿಗೆ ಕೋಡ್ ಗೊತ್ತಿಲ್ಲ, ಅಡಿಕೆ ಗೊತ್ತು. ಅವರು ಎಲ್ಲಿ ತಡೆದು ‘ಇದು ಯಾವ ಲೆಕ್ಕ ಮಾರಾಯಾ?’ ಎನ್ನುತ್ತಾರೋ ಆ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಚಹಾ ನಿಮ್ಮ ಲೆಕ್ಕದಲ್ಲಿ.